ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲೇ ಹೇಳಿಟ್ಟು ಒಯ್ಯುವ ಸ್ಯಾಂಡ್‌ವಿಚ್

ಫೋನಿನಲ್ಲೇ ಸ್ಯಾಂಡ್‌ವಿಚ್ ಆರ್ಡರ್ ಮಾಡಿ, ಹಣ ಕಟ್ಟಿ, ಹೇಳಿದ ಹೊತ್ತಿಗೆ ಅಂಗಡಿಗೆ ಹೋಗಿ ಪಾರ್ಸೆಲ್ ತರುವ ಬಗ್ಗೆ ಶಿವಮೊಗ್ಗ ಮತ್ತು ಸುತ್ತಲಿನ ಊರುಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಭಾನುವಾರ ಬೆಳಗ್ಗೆ ಮನೆಯವರೆಲ್ಲ ಸೇರಿ ಎಂಟು ಜನ ಆಗುಂಬೆಗೆ ಹೊರಟಿದ್ದೇವೆ. ದಾರಿಯಲ್ಲಿ ತಿನ್ನಲು ಗ್ರಿಲ್ ಸ್ಯಾಂಡ್‌ವಿಚ್ ಮೊದಲೇ ಆರ್ಡರ್ ಮಾಡಬೇಕೆಂದಿದೆ. ಆ್ಯಪ್‌ನಲ್ಲಿ ಹೇಗೆ ಮಾಡುವುದು, ಎಷ್ಟು ಗಂಟೆಗೆ ಹಾಕುವುದು? — ವಿನೋಬನಗರ, ಶಿವಮೊಗ್ಗ

ಅಂಗಡಿ ಆರಿಸುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ: ತಿನ್ನುವುದು ಎಲ್ಲಿ, ಎಷ್ಟು ಹೊತ್ತಿಗೆ? ಹೆಚ್ಚಿನವರು ಅಂಗಡಿ ಮುಂದೆ ಹಾದುಹೋಗುವ ಹೊತ್ತು ನೋಡಿ ಸಮಯ ಹಾಕುತ್ತಾರೆ. ತಪ್ಪುವುದು ಅಲ್ಲೇ. ಗ್ರಿಲ್ ಸ್ಯಾಂಡ್‌ವಿಚ್ ಯಂತ್ರದಿಂದ ಇಳಿದು ಇಪ್ಪತ್ತು ನಿಮಿಷ ಗರಿಗರಿಯಾಗಿರುತ್ತದೆ. ಮುಕ್ಕಾಲು ಗಂಟೆಯವರೆಗೆ ತಿನ್ನಲು ಅಡ್ಡಿಯಿಲ್ಲ. ಆಮೇಲೆ ಬ್ರೆಡ್ಡು ಜಗಿದಷ್ಟೂ ಜಗ್ಗುತ್ತದೆ. ಶಿವಮೊಗ್ಗದಿಂದ ಆಗುಂಬೆಗೆ ಸುಮಾರು 90 ಕಿ.ಮೀ., ಎರಡು ಗಂಟೆ ದಾಟುವ ದಾರಿ. ಅಲ್ಲಿಗೆ ಹೋಗಿಯೇ ತಿನ್ನುವುದಾದರೆ ಗ್ರಿಲ್ ಆರ್ಡರ್ ಮಾಡಲೇಬೇಡಿ, ಬೆಣ್ಣೆ ಸವರಿದ ಸಾದಾ ಸ್ಯಾಂಡ್‌ವಿಚ್ ಹೇಳಿ. ಗ್ರಿಲ್ಲೇ ಬೇಕೆಂದಿದ್ದರೆ ಸುಮಾರು 30 ಕಿ.ಮೀ. ದೂರದ ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿ. ಮಳೆಗಾಲವಾದರೆ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ, ಮಕ್ಕಳಿಗೂ ಖುಷಿ. ಮಂಡಗದ್ದೆಯಲ್ಲಿ 8ಕ್ಕೆ ತಿಂಡಿ ಅಂತಾದರೆ ಪಾರ್ಸೆಲ್ ಕೈಗೆ ಬರಬೇಕಾದದ್ದು 7.15ಕ್ಕೆ.

ಇನ್ನು ಆ್ಯಪ್. ತೆರೆದ ಕೂಡಲೇ ಮೇಲ್ಗಡೆ ನೋಡಿ. ಸಾಮಾನ್ಯವಾಗಿ 'ಡೆಲಿವರಿ' ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು 'ಪಿಕಪ್' ಅಥವಾ 'ಟೇಕ್‌ಅವೇ'ಗೆ ಬದಲಿಸಿ, ಆಮೇಲಷ್ಟೇ ತಿಂಡಿ ಆರಿಸಿ. ಕೊನೆಯಲ್ಲಿ ಬದಲಿಸಲು ಹೋದರೆ ಆರಿಸಿದ್ದೆಲ್ಲ ಅಳಿಸಿಹೋಗುವುದುಂಟು. ಬಳಿಕ ಶಾಖೆ. ಒಂದೇ ಹೆಸರಿನ ಅಂಗಡಿ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಇದ್ದರೆ, ಆ್ಯಪ್ ಹೋದ ಸಲ ನೀವಿದ್ದ ಊರಿನದ್ದನ್ನೇ ಹಿಡಿದುಕೊಂಡು ಕೂತಿರಬಹುದು. ಹಣ ಕಟ್ಟಿದ ಮೇಲೆ ಪಾರ್ಸೆಲ್ 20 ಕಿ.ಮೀ. ಆಚೆ ಸಿದ್ಧವಾಗಿದೆ ಎಂದು ಗೊತ್ತಾಗುವುದು ಹೀಗೆ. ಅಂಗಡಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ರಸ್ತೆಯ ಹೆಸರಿರುತ್ತದೆ, ದುರ್ಗಿಗುಡಿಯೋ ಸವಳಂಗ ರಸ್ತೆಯೋ ಎಂದು ಓದಿ ನೋಡಿ. ಮೂರನೆಯದು ಸಮಯ. 'ಆದಷ್ಟು ಬೇಗ' ಎಂಬುದು ತಾನಾಗಿ ಗುರುತಾಗಿರುತ್ತದೆ. ಅದನ್ನು ತೆಗೆದು ದಿನಾಂಕ ಮತ್ತು ಗಂಟೆ ಹಾಕದಿದ್ದರೆ ಶನಿವಾರ ರಾತ್ರಿಯೇ ಸ್ಯಾಂಡ್‌ವಿಚ್ ಸಿದ್ಧವಾಗುತ್ತದೆ. ಅಷ್ಟು ಬೆಳಗ್ಗೆ ಸಮಯ ತೋರಿಸದಿದ್ದರೆ ಅಂಗಡಿ ಬಾಗಿಲು ತೆಗೆಯುವುದೇ ತಡ ಎಂದರ್ಥ, ಬೇರೆ ಅಂಗಡಿ ನೋಡಿ.

ಎಂಟು ಸ್ಯಾಂಡ್‌ವಿಚ್ ಎಂದರೆ ಸಣ್ಣ ಅಂಗಡಿಗೆ ದೊಡ್ಡ ಆರ್ಡರೇ. ಹದಿನಾರು ತುಂಡು ಬ್ರೆಡ್ಡು, ಅಂದರೆ ಹೆಚ್ಚುಕಡಿಮೆ ಒಂದು ಪ್ಯಾಕೆಟ್. ಎರಡೆರಡೇ ಹಿಡಿಯುವ ಗ್ರಿಲ್ ಇದ್ದರೆ ನಾಲ್ಕು ಸಲ ಹಾಕಿ ತೆಗೆಯಬೇಕು, ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಹಿಂದಿನ ದಿನ ಸಂಜೆಯೊಳಗೆ ಆರ್ಡರ್ ಹಾಕಿ, ಒಂದು ಫೋನನ್ನೂ ಮಾಡಿ. ಆ್ಯಪ್ ಆರ್ಡರ್ ತೆಗೆದುಕೊಂಡಿತೆಂದ ಮಾತ್ರಕ್ಕೆ ಒಲೆ ಮುಂದೆ ನಿಂತವರು ನೋಡಿದ್ದಾರೆಂದು ಅಲ್ಲ. ಹೊರಡುವ ಮುಂಚೆ ಆರ್ಡರ್ ಸಂಖ್ಯೆ ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನೆಟ್‌ವರ್ಕ್ ಕೈಕೊಟ್ಟರೂ ಕೌಂಟರ್‌ನಲ್ಲಿ ತೋರಿಸಬಹುದು. ಪಾರ್ಸೆಲ್ ಕೈಗೆ ಬಂದಾಗ ಅಲ್ಲೇ ನಿಂತು ಎಣಿಸಿ. ಪಕ್ಕದವರ ಪೊಟ್ಟಣ ನಿಮ್ಮ ಕೈಗೆ ಬಂದದ್ದು ಗಾಜನೂರು ದಾಟಿದ ಮೇಲೆ ಗೊತ್ತಾದರೆ ಏನೂ ಮಾಡುವಂತಿಲ್ಲ.

ಶಿವಮೊಗ್ಗದಲ್ಲಿ ಬಿಸಿಬಿಸಿಯಾಗಿ ಕಟ್ಟಿಸಿಕೊಂಡ ಸ್ಯಾಂಡ್‌ವಿಚ್ ಮನೆಗೆ ಬರುವಷ್ಟರಲ್ಲಿ ಒದ್ದೆ ಬಟ್ಟೆಯ ಹಾಗಾಗಿರುತ್ತದೆ. ಮಳೆಗಾಲದಲ್ಲಂತೂ ತಿನ್ನುವ ಹಾಗೇ ಇಲ್ಲ. ಅಂಗಡಿಯ ತಪ್ಪೋ, ನಮ್ಮದೋ? — ಸಾಗರ

ನೀರು ಎರಡು ಕಡೆಯಿಂದ ಬರುತ್ತದೆ, ಎರಡನ್ನೂ ತಡೆಯಬೇಕು.

ಮೊದಲನೆಯದು ಒಳಗಿನ ತರಕಾರಿ. ಸೌತೆಕಾಯಿ, ಟೊಮೆಟೊ ಎರಡರಲ್ಲೂ ನೂರಕ್ಕೆ ಸುಮಾರು 95 ಪಾಲು ನೀರೇ. ಹೆಚ್ಚಿದ ಬಿಲ್ಲೆಗಳ ಮೇಲೆ ಉಪ್ಪು, ಚಾಟ್ ಮಸಾಲೆ ಉದುರಿಸಿ ಹತ್ತು ನಿಮಿಷ ಬಿಟ್ಟು ನೋಡಿ, ತಟ್ಟೆಯಲ್ಲಿ ನೀರು ನಿಂತಿರುತ್ತದೆ. ಉಪ್ಪು ಅದನ್ನು ಎಳೆದು ತೆಗೆದದ್ದು. ಸ್ಯಾಂಡ್‌ವಿಚ್‌ನೊಳಗೆ ಆಗುವುದೂ ಇದೇ, ಆ ನೀರನ್ನು ಕುಡಿಯುವುದು ಬ್ರೆಡ್ಡು. ಇದಕ್ಕೆ ತಡೆಯೆಂದರೆ ಬೆಣ್ಣೆ. ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಜಿಡ್ಡಿದೆ, ಜಿಡ್ಡು ನೀರನ್ನು ದಾಟಗೊಡುವುದಿಲ್ಲ. ಆದರೆ ನಡುವಲ್ಲೊಂದು ಚೂರು ಹಚ್ಚಿ ಬಿಟ್ಟರೆ ಪ್ರಯೋಜನವಿಲ್ಲ, ಅಂಚಿನಿಂದ ಅಂಚಿಗೆ ತೆಳ್ಳಗೆ ಬರಬೇಕು. ಚಟ್ನಿ ಬೆಣ್ಣೆಯ ಮೇಲೆ ಹೋಗಬೇಕು. ಎಷ್ಟೋ ಕಡೆ ಬ್ರೆಡ್ಡಿಗೇ ಮೊದಲು ಚಟ್ನಿ ಹಚ್ಚುತ್ತಾರೆ, ಕೂತು ತಿನ್ನುವವರಿಗೆ ಅದು ರುಚಿಯೇ, ಸಾಗರದವರೆಗೆ ಒಯ್ಯುವವರಿಗೆ ಅಲ್ಲ.

ಎರಡನೆಯದು ಹಬೆ. ಗ್ರಿಲ್‌ನಿಂದ ಇಳಿದ ಸ್ಯಾಂಡ್‌ವಿಚ್‌ನ ಹೊರಮೈ ಒಣಗಿರುತ್ತದೆ, ಒಳಗಿನ ಆಲೂಗಡ್ಡೆ, ಟೊಮೆಟೊ ಹೊಗೆಯಾಡುತ್ತಿರುತ್ತವೆ. ಅದನ್ನು ಹಾಗೇ ಡಬ್ಬಿಯಲ್ಲಿ ಮುಚ್ಚಿದರೆ ಹಬೆ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಗಟ್ಟಿ ಮತ್ತೆ ಬ್ರೆಡ್ಡಿನ ಮೇಲೇ ಬೀಳುತ್ತದೆ. ಡಬ್ಬಿಯ ಮುಚ್ಚಳ ತೆರೆದು ಒಳಮೈ ಬೆರಳಲ್ಲಿ ಒರೆಸಿ, ಕೈ ಒದ್ದೆಯಾದರೆ ರೋಗದ ಮೂಲ ಸಿಕ್ಕಿತು. ಅಲ್ಯೂಮಿನಿಯಂ ಹಾಳೆಯೂ ಅಷ್ಟೇ, ಬಿಸಿಯನ್ನು ಉಳಿಸುತ್ತದೆ, ಹಬೆಯನ್ನೂ ಉಳಿಸುತ್ತದೆ. ಬಟರ್ ಪೇಪರ್ ಸಡಿಲವಾಗಿ ಸುತ್ತಿ, ತೂತಿರುವ ರಟ್ಟಿನ ಡಬ್ಬಿಯಲ್ಲಿಟ್ಟರೆ ಹಬೆ ಹೊರಗೆ ಹೋಗುತ್ತದೆ. ಇನ್ನು ಆಷಾಢದ ಸಾಗರದಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಡಬ್ಬಿಯಲ್ಲೇ ಆರಿಸುತ್ತೇನೆಂದರೆ ಆಗ ಆರುವುದಿಲ್ಲ.

ಹಾಗಾಗಿ ಆರ್ಡರ್‌ನ ಸೂಚನೆ ಜಾಗದಲ್ಲಿ ಹೀಗೆ ಬರೆಯಿರಿ: 'ದೂರ ಒಯ್ಯಲು. ಬೆಣ್ಣೆ ಅಂಚಿನವರೆಗೆ. ಒಳಗೆ ಉಪ್ಪು ಬೇಡ, ಚಟ್ನಿ ಬೇರೆ ಡಬ್ಬಿ. ಕತ್ತರಿಸಬೇಡಿ. ಎರಡು ಮೂರು ನಿಮಿಷ ಜಾಲರಿ ಮೇಲೆ ಬಿಟ್ಟು ಕಟ್ಟಿ.' ಕತ್ತರಿಸದೆ ಒಯ್ದರೆ ಅಂಚು ಮುಚ್ಚಿಕೊಂಡೇ ಇರುತ್ತದೆ, ರಸ ಡಬ್ಬಿಗೆ ಇಳಿಯುವುದಿಲ್ಲ. ಗಾಡಿಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಕೆಳಗಿನದ್ದು ಅಪ್ಪಚ್ಚಿಯಾಗುತ್ತದೆ. ಮೊದಲ ಹತ್ತು ನಿಮಿಷ ಡಬ್ಬಿಯ ಮುಚ್ಚಳ ಒಂದು ಬೆರಳಷ್ಟು ತೆರೆದಿಡಿ.

ಇಷ್ಟಾದರೂ 70 ಕಿ.ಮೀ. ದಾಟಿ ಬಂದ ಗ್ರಿಲ್ ಸ್ಯಾಂಡ್‌ವಿಚ್ ಮೆತ್ತಗಾಗಿಯೇ ಇರುತ್ತದೆ. ಮನೆಗೆ ಬಂದು ಮೈಕ್ರೊವೇವ್‌ಗೆ ಹಾಕಬೇಡಿ, ಅದು ಒಳಗಿನ ನೀರನ್ನು ಕುದಿಸಿ ಬ್ರೆಡ್ಡಿಗೆ ತಳ್ಳುತ್ತದೆ. ದೋಸೆ ಕಾವಲಿ ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆಯಿಲ್ಲದೆ ಒಂದೊಂದು ಬದಿ ಎರಡು ನಿಮಿಷ ಇಡಿ, ಮುಚ್ಚಬೇಡಿ. ಚಟ್ನಿ ಆಮೇಲೆ. ನಮ್ಮ ಮಾತು ಕೇಳುವುದಾದರೆ, ಬರೀ ಜೋಡಿಸಿ ಗ್ರಿಲ್ ಮಾಡದೆ ಕೊಡಿ ಎಂದು ಹೇಳಿ ತಂದು ಮನೆಯ ಕಾವಲಿಯಲ್ಲೇ ಸುಡುವುದು ಸಾಗರದವರಿಗೆ ಎಲ್ಲಕ್ಕಿಂತ ಒಳ್ಳೆಯದು. ಆಗಲೂ ಚಟ್ನಿ ಬೇರೆ ಡಬ್ಬಿಯಲ್ಲೇ ಇರಲಿ.

ಯುಪಿಐನಲ್ಲಿ ಹಣ ಹೋಯಿತು, ಆರ್ಡರ್ ಆಗಲಿಲ್ಲ. ಅಂಗಡಿಯವರು ಬಂದಿಲ್ಲ ಎನ್ನುತ್ತಾರೆ. ಏನು ಮಾಡಲಿ? — ತೀರ್ಥಹಳ್ಳಿ

ತಕ್ಷಣ ಮತ್ತೊಮ್ಮೆ ಕಟ್ಟಬೇಡಿ. ಯುಪಿಐ ಆ್ಯಪ್‌ನ ಇತಿಹಾಸದಲ್ಲಿ ಆ ಪಾವತಿಯನ್ನು ತೆರೆದು ನೋಡಿ. 'ಬಾಕಿ' ಅಥವಾ 'ವಿಫಲ' ಎಂದಿದ್ದರೆ ಹಣ ನಡುವೆ ಸಿಕ್ಕಿಕೊಂಡಿದೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, ಖಾತೆಯಿಂದ ಕಡಿತವಾಗಿಯೂ ಅಂಗಡಿಗೆ ದೃಢೀಕರಣ ಮುಟ್ಟದಿದ್ದರೆ ಹಣ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವೂ ಬರಬೇಕು. 'ಯಶಸ್ವಿ' ಎಂದಿದ್ದರೆ ಮಾತು ಬೇರೆ. ಹಣ ಅಂಗಡಿಯ ಅಥವಾ ಆ್ಯಪ್ ಕಂಪನಿಯ ಖಾತೆಗೆ ಸೇರಿದೆ, ವಾಪಸ್ ಕೊಡಬೇಕಾದವರು ಅವರೇ. ಅಲ್ಲಿರುವ 12 ಅಂಕಿಯ ವ್ಯವಹಾರ ಸಂಖ್ಯೆಯನ್ನು ಕಳಿಸಿ, 'ಈ ಸಂಖ್ಯೆ ನಿಮ್ಮ ಖಾತೆಯಲ್ಲಿ ನೋಡಿ' ಎನ್ನಿ. ಕೌಂಟರ್‌ನ ಸೌಂಡ್ ಬಾಕ್ಸ್ ಕೂಗಲಿಲ್ಲವೆಂಬುದು ಪುರಾವೆಯಲ್ಲ, ಅದಕ್ಕೂ ನೆಟ್‌ವರ್ಕ್ ಬೇಕು.

ಜಗಳ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಒಂದು ಎಚ್ಚರಿಕೆ ಮುಖ್ಯ: 'ರಿಫಂಡ್ ಕೊಡುತ್ತೇವೆ, ಪಿನ್ ಒತ್ತಿ' ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಹಣ ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಮೋಸ ಹೋಗಿದ್ದರೆ ಗಂಟೆ ಕಳೆಯಗೊಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ನಮ್ಮೂರಿನ ಬೇಕರಿಗೆ ಆ್ಯಪ್ ಇಲ್ಲ, ವಾಟ್ಸ್ಆ್ಯಪ್‌ನಲ್ಲಿ ಹೇಳಿ ಅನ್ನುತ್ತಾರೆ. ಹೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಆಗುತ್ತಿದೆ. — ಹೊಸನಗರ

ವಾಯ್ಸ್ ಮೆಸೇಜ್ ಬಿಡಿ. ಗ್ರಿಲ್ ಮುಂದೆ ನಿಂತವರು ಅದನ್ನು ಎರಡನೇ ಸಲ ಕೇಳುವುದಿಲ್ಲ. ಬರೆದದ್ದಾದರೆ ಕಣ್ಣೆದುರು ಇರುತ್ತದೆ. ಒಂದೇ ಸಂದೇಶದಲ್ಲಿ, ಒಂದು ಸಾಲಿಗೊಂದು ವಿಷಯ:

ಅಣ್ಣ, ನಮಸ್ಕಾರ.
ಶನಿವಾರ ಸಂಜೆ 5.30ಕ್ಕೆ ಬಂದು ಒಯ್ಯುತ್ತೇವೆ.
ವೆಜ್ ಗ್ರಿಲ್ – 4
ವೆಜ್ ಗ್ರಿಲ್, ಈರುಳ್ಳಿ ಇಲ್ಲದ್ದು – 2
ಚೀಸ್ ಟೋಸ್ಟ್ – 2
ಚಟ್ನಿ ಬೇರೆ.
ಕರೆಂಟ್ ಹೋದರೆ ಗ್ಯಾಸಿನ ಮೇಲೆ ಕಾವಲಿಯಲ್ಲಿ ಮಾಡಿದರೂ ಆಗುತ್ತದೆ.
ಒಟ್ಟು ಎಷ್ಟಾಯಿತು ತಿಳಿಸಿ.

'ಆರು ವೆಜ್, ಅದರಲ್ಲಿ ಎರಡಕ್ಕೆ ಈರುಳ್ಳಿ ಬೇಡ' ಎಂದು ಬರೆದರೆ ಕೆಲವರು ಎಂಟು ಮಾಡುತ್ತಾರೆ, ಕೆಲವರು ಆರಕ್ಕೂ ಈರುಳ್ಳಿ ಬಿಡುತ್ತಾರೆ. ಅದಕ್ಕೇ ಬೇರೆ ಸಾಲು. ಕೊನೆಯ ಸಾಲು ಬರೀ ದುಡ್ಡಿಗಾಗಿ ಅಲ್ಲ. ಮೊತ್ತ ಹೇಳಬೇಕೆಂದರೆ ಅಂಗಡಿಯವರು ಪಟ್ಟಿಯನ್ನು ಪೂರ್ತಿ ಓದಲೇಬೇಕು, ಅವರು ಹೇಳಿದ ಮೊತ್ತ ನಿಮ್ಮ ಲೆಕ್ಕಕ್ಕೆ ತಾಳೆಯಾದರೆ ಆರ್ಡರ್ ಸರಿಯಾಗಿ ಮುಟ್ಟಿದೆ. ನೀಲಿ ಗೆರೆ ಬಂತೆಂದು ನಂಬಿ ಹೊರಡಬೇಡಿ, ಉತ್ತರ ಬಂದರಷ್ಟೇ ಆರ್ಡರ್. ಆಮೇಲೆ ಬದಲಾವಣೆ ಇದ್ದರೆ 'ಇನ್ನೊಂದು ಸೇರಿಸಿ' ಎಂದು ಬಾಲ ಕಟ್ಟದೆ, ಇಡೀ ಪಟ್ಟಿಯನ್ನು ಮತ್ತೆ ಬರೆದು 'ಹಳೆಯದು ಬಿಡಿ, ಇದನ್ನು ಹಿಡಿಯಿರಿ' ಎಂದು ಕಳಿಸಿ.

ಗೊತ್ತಿಲ್ಲದ ಊರಿನ ಅಂಗಡಿಯಾದರೆ ಇಂಟರ್‌ನೆಟ್‌ನಲ್ಲಿ ಸಿಕ್ಕ ನಂಬರಿಗೆ ಮುಂಗಡ ಕಟ್ಟಬೇಡಿ. ಬೋರ್ಡಿನ ಮೇಲೆ ಅಥವಾ ಹಳೆಯ ಬಿಲ್ಲಿನಲ್ಲಿ ಇರುವ ನಂಬರೇ ಸರಿ.

ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗಿ ಒಂದು ಗಂಟೆ ತಡವಾದರೆ ಹಣ ವಾಪಸ್ ಕೇಳಬಹುದೇ? — ಕೋಣಂದೂರು

ಗ್ರಿಲ್ ಮೇಲೆ ಇಡುವ ಮುಂಚೆ ತಿಳಿಸಿದರೆ ಕೇಳಬಹುದು, ಸಮಯ ಮುಂದಕ್ಕೂ ಹಾಕಿಸಬಹುದು. ಮಾಡಿಟ್ಟ ಮೇಲೆ ಕೇಳುವುದು ನ್ಯಾಯವಲ್ಲ, ಆ ಸ್ಯಾಂಡ್‌ವಿಚ್ ಅವರು ಇನ್ನೊಬ್ಬರಿಗೆ ಮಾರುವಂತಿಲ್ಲ. ತಡವಾಗುತ್ತದೆಂದು ಗೊತ್ತಾದ ಕೂಡಲೇ, ಸಿಗ್ನಲ್ ಇರುವ ಜಾಗದಲ್ಲೇ ನಿಂತು ಫೋನ್ ಮಾಡಿ, 'ಬಂದ ಮೇಲೆ ಗ್ರಿಲ್ ಮಾಡಿ' ಎನ್ನಿ. ಐದಾರು ನಿಮಿಷ ಕಾದರೆ ಬಿಸಿಯಾದದ್ದೇ ಸಿಗುತ್ತದೆ.

ನಾವು ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಸೂಚನೆ ಬರೆದರೂ ಭಯ. ಇನ್ನೊಂದು, ಸಂಜೆ ತಂದದ್ದನ್ನು ಎಷ್ಟು ಹೊತ್ತು ಇಡಬಹುದು? — ಭದ್ರಾವತಿ

ಮೊಟ್ಟೆ ಅಡಗಿರುವುದು ಮಯೋನೀಸ್‌ನಲ್ಲಿ. ಮೊಟ್ಟೆಯಿಲ್ಲದ್ದೂ ಸಿಗುತ್ತದೆ, ಮೊಟ್ಟೆಯದ್ದೂ ಸಿಗುತ್ತದೆ, ನೋಡಲು ಎರಡೂ ಒಂದೇ. ಬಾಟಲಿಯ ಮೇಲೆ ಹಸಿರು ಚುಕ್ಕಿಯೋ ಕಂದು ತ್ರಿಕೋನವೋ ಎಂದು ಕೌಂಟರ್‌ನಲ್ಲಿ ತೋರಿಸಲು ಕೇಳಿ, ಸಂಕೋಚ ಬೇಡ. ಅಲ್ಲೇ ರುಬ್ಬಿ ಮಾಡಿದ್ದೆಂದರೆ ಬಿಟ್ಟುಬಿಡಿ: ಹಸಿ ಮೊಟ್ಟೆಯ ಮಯೋನೀಸ್‌ನಲ್ಲಿ ರೋಗಾಣು ಬೆಳೆಯುವ ಅಪಾಯವಿದೆಯೆಂದು 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಅದನ್ನು ಒಂದೊಂದು ವರ್ಷಕ್ಕೆ ನಿಷೇಧಿಸಿದವು. ಬೆಳ್ಳುಳ್ಳಿ ಹೆಚ್ಚಾಗಿ ಹಸಿರು ಚಟ್ನಿಯಲ್ಲಿ ಇರುತ್ತದೆ. ಅದನ್ನು ಬೆಳಗ್ಗೆಯೇ ರುಬ್ಬಿಟ್ಟಿರುವುದರಿಂದ ನಿಮ್ಮ ಒಂದು ಆರ್ಡರಿಗೆ ತೆಗೆಯಲು ಆಗುವುದಿಲ್ಲ. 'ಬೆಳ್ಳುಳ್ಳಿ ಬೇಡ' ಎನ್ನುವ ಬದಲು 'ಚಟ್ನಿಯೇ ಬೇಡ, ಬೆಣ್ಣೆ ಮತ್ತು ಕಾಳುಮೆಣಸಿನ ಪುಡಿ ಸಾಕು' ಎಂದು ಬರೆದರೆ ತಪ್ಪಲು ಜಾಗವೇ ಇರುವುದಿಲ್ಲ. ಮಾಂಸದ ಸ್ಯಾಂಡ್‌ವಿಚ್ ಕೂಡ ಮಾಡುವ ಅಂಗಡಿಯಲ್ಲಿ ಗ್ರಿಲ್ ಒಂದೇ ಇರಬಹುದು. ಅದು ಆ್ಯಪ್‌ನಲ್ಲಿ ಕಾಣುವುದಿಲ್ಲ, ಫೋನಿನಲ್ಲೇ ಕೇಳಬೇಕು.

ಇಡುವ ವಿಷಯ: 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣು ಬೇಗ ಹೆಚ್ಚುತ್ತದೆ. ಪನೀರ್, ಮೊಟ್ಟೆ, ಕೋಳಿ, ಮಯೋನೀಸ್, ತೆಂಗಿನಕಾಯಿ ಚಟ್ನಿ ಯಾವುದೇ ಇದ್ದರೂ ಹೊರಗೆ ಎರಡು ಗಂಟೆ ಮೀರಿಸಬೇಡಿ. ಮಲೆನಾಡಿನ ತಂಪು ಎಂದು ಧೈರ್ಯ ಬೇಡ, 22 ಡಿಗ್ರಿಯೂ ಆ ನಡುವಿನದ್ದೇ. ಸುತ್ತಲು ಹಳೆಯ ಪತ್ರಿಕೆ ಹಾಳೆ ಬಳಸಿದ್ದರೆ ಅಂಗಡಿಯವರಿಗೆ ಹೇಳಿ. 2018ರ ಆಹಾರ ಪ್ಯಾಕೇಜಿಂಗ್ ನಿಯಮ ಅದನ್ನು ನಿಷೇಧಿಸಿದೆ, ಶಾಯಿ ಜಿಡ್ಡಿನಲ್ಲಿ ಕರಗಿ ತಿಂಡಿಗೆ ಇಳಿಯುತ್ತದೆ.

ನಾವೇ ಹೋಗಿ ತರುತ್ತೇವಲ್ಲ, ಬಿಲ್ಲಿನಲ್ಲಿ ಇಷ್ಟೊಂದು ಸೇರಿಸುವುದೇಕೆ? — ಗೋಪಾಳ, ಶಿವಮೊಗ್ಗ

ಪಾರ್ಸೆಲ್ ಒಯ್ದರೂ ಮಾಮೂಲಿ ಹೋಟೆಲ್ ತಿಂಡಿಗೆ ಜಿಎಸ್‌ಟಿ ಶೇ. 5 ಇದೆ. ಆಹಾರದ ಆ್ಯಪ್‌ಗಳ ಮೂಲಕ ಆದ ಆರ್ಡರಿಗೆ 2022ರ ಜನವರಿ 1ರಿಂದ ಅದನ್ನು ಆ್ಯಪ್ ಕಂಪನಿಯೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತದೆ. ಅಂಗಡಿಯವರೇ ನೇರವಾಗಿ ಹಾಕಿದರೆ ಬಿಲ್ಲಿನಲ್ಲಿ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಸಂಖ್ಯೆಯಿಲ್ಲದೆ ತೆರಿಗೆ ಕೇಳುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ 14 ಅಂಕಿಯ ಸಂಖ್ಯೆಯೂ ಬಿಲ್ಲಿನಲ್ಲಿರಬೇಕು. ಪ್ಯಾಕಿಂಗ್ ಶುಲ್ಕ ತೆಗೆದುಕೊಳ್ಳಬಹುದು, ಆದರೆ ಹಣ ಕಟ್ಟುವ ಮುಂಚೆ ಕಾಣಿಸಿರಬೇಕು. ಡೆಲಿವರಿ ಶುಲ್ಕ ಬಿದ್ದಿದ್ದರೆ ನೀವು 'ಪಿಕಪ್' ಒತ್ತಿಲ್ಲ. ಅಂಗಡಿಯದ್ದೇ ಪಟ್ಟಿಯ ಬೆಲೆ ಆ್ಯಪ್‌ನ ಬೆಲೆಗಿಂತ ಕಡಿಮೆ ಇರುವುದು ಸಾಮಾನ್ಯ, ಆ್ಯಪ್‌ಗೆ ಕೊಡುವ ಕಮಿಷನ್ ಅದರಲ್ಲಿ ಸೇರಿರುತ್ತದೆ. ಹೋಗಿ ತರುವವರು ನೇರವಾಗಿ ಅಂಗಡಿಗೇ ಹೇಳುವುದು ಇಬ್ಬರಿಗೂ ಲಾಭ.

ನಮ್ಮದು ಸಣ್ಣ ಬೇಕರಿ. ಮೊದಲೇ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಸಂಜೆ ಕೌಂಟರ್‌ನಲ್ಲಿ ನಿಂತವರೂ ಬೈಯುತ್ತಾರೆ, ಫೋನ್ ಮಾಡಿದವರೂ ಬೈಯುತ್ತಾರೆ. — ಶಿವಮೊಗ್ಗ

ನಿಮ್ಮ ಗ್ರಿಲ್ ಎಷ್ಟು ಹಿಡಿಯುತ್ತದೆ ಎಂಬುದೇ ನಿಮ್ಮ ಅಂಗಡಿಯ ಅಳತೆ. ಒಂದು ಸಲಕ್ಕೆ ಎರಡು, ಇಟ್ಟು ತೆಗೆಯುವುದು ಸೇರಿ ಆರು ನಿಮಿಷ ಎಂದರೆ ಗಂಟೆಗೆ 20. ಅರ್ಧ ಗಂಟೆಗೆ 10. ಅದರಲ್ಲಿ ಅರ್ಧವನ್ನು ಎದುರಿಗೆ ನಿಂತವರಿಗೆ ಬಿಟ್ಟರೆ, ಫೋನ್ ಆರ್ಡರಿಗೆ ಉಳಿಯುವುದು ಅರ್ಧ ಗಂಟೆಗೆ 5. ಆರನೆಯದು ಬಂದರೆ 'ಆಯ್ತು' ಅನ್ನಬೇಡಿ, 'ಆರು ಗಂಟೆಗೆ ಆಗಲ್ಲ, ಆರೂವರೆಗೆ ಕೊಡ್ತೀವಿ' ಅನ್ನಿ. ಗಿರಾಕಿ ಸಿಟ್ಟಾಗುವುದು ಅರ್ಧ ಗಂಟೆ ಮುಂದೆ ಹೋದದ್ದಕ್ಕಲ್ಲ, ಬಂದು ನಿಂತ ಮೇಲೆ ಕಾಯಿಸಿದ್ದಕ್ಕೆ.

ಚೀಟಿಗಳನ್ನು ಬಂದ ಹೊತ್ತಿನ ಕ್ರಮದಲ್ಲಿ ಚುಚ್ಚಬೇಡಿ, ಒಯ್ಯುವ ಹೊತ್ತಿನ ಕ್ರಮದಲ್ಲಿ ದಾರಕ್ಕೆ ಕ್ಲಿಪ್ ಹಾಕಿ ತೂಗುಹಾಕಿ. ನಾಲ್ಕಕ್ಕೆ ಬಂದ ಆರ್ಡರನ್ನು ಕೈ ಖಾಲಿಯಿದೆಯೆಂದು ಆಗಲೇ ಮಾಡಿಟ್ಟರೆ ಆರಕ್ಕೆ ಬಂದವರಿಗೆ ಸಿಗುವುದು ತಂಗಳು. ಕೈ ಖಾಲಿಯಿದ್ದಾಗ ಆಲೂಗಡ್ಡೆ ಬೇಯಿಸಿ, ಡಬ್ಬಿ ಮಡಚಿ, ಚಟ್ನಿ ತುಂಬಿಸಿಡಿ. ಒಂದೆರಡು ಸ್ಯಾಂಡ್‌ವಿಚ್ ಆದರೆ ಗ್ರಿಲ್‌ಗೆ ಇಡುವುದು ಹತ್ತು ನಿಮಿಷ ಮುಂಚೆ: ಆರು ನಿಮಿಷ ಬೇಯಲು, ಎರಡು ಮೂರು ನಿಮಿಷ ಜಾಲರಿಯ ಮೇಲೆ ಹಬೆ ಹೋಗಲು, ಉಳಿದದ್ದು ಕಟ್ಟಲು.

ಎಂಟರ ಆರ್ಡರಿಗೆ ಸುಮಾರು 120 ಗ್ರಾಂ ಬೆಣ್ಣೆ, ಕಾಲು ಕಿಲೋ ಚಟ್ನಿ, ಮುನ್ನೂರರಿಂದ ಮುನ್ನೂರೈವತ್ತು ಗ್ರಾಂ ಬೆಂದ ಆಲೂಗಡ್ಡೆ ಬೇಕಾಗುತ್ತದೆ. ಬ್ರೆಡ್ಡು ಆಗಷ್ಟೇ ಒಲೆಯಿಂದ ಬಂದದ್ದಾಗಿರಬಾರದು. ಹೊಸ ಬ್ರೆಡ್ಡು ಗ್ರಿಲ್‌ನ ಭಾರಕ್ಕೆ ಚಪ್ಪಟೆಯಾಗಿ ಅಂಟಂಟಾಗುತ್ತದೆ, ಹಿಂದಿನ ಸಂಜೆಯದ್ದು ಹದವಾಗಿರುತ್ತದೆ. ಅದನ್ನು ಫ್ರಿಜ್‌ನಲ್ಲಿ ಇಡಬೇಡಿ, ಅಲ್ಲಿ ಬ್ರೆಡ್ಡು ಹೊರಗಿನದಕ್ಕಿಂತ ಬೇಗ ಬಿರುಸಾಗುತ್ತದೆ.

ಪ್ರತಿ ಪೊಟ್ಟಣದ ಬಟರ್ ಪೇಪರಿನ ಮೇಲೆ ಪೆನ್ನಿನಲ್ಲಿ ಹೆಸರು, ಹೊತ್ತು, ಈರುಳ್ಳಿ ಇಲ್ಲದ್ದಕ್ಕೆ 'ಈ' ಬರೆದು ಅಡ್ಡ ಗೆರೆ. ಬರೆಯುವುದು ಸುತ್ತುವ ಮುಂಚೆ. ಸುತ್ತಿ ಸಾಲಾಗಿ ಇಟ್ಟ ಮೇಲೆ ಯಾವುದು ಯಾವುದೆಂದು ಮಾಡಿದವರಿಗೂ ಗೊತ್ತಾಗುವುದಿಲ್ಲ.